ಒಣ ಶಾಂಪೂ: ಜಿಡ್ಡು ಮಾಯ, ಕೊಳೆ?

ಪರೀಕ್ಷೆಯ ದಿನ, ಬೆಳಗ್ಗೆ ಏಳು ಗಂಟೆ. ತಲೆಗೆ ನೀರು ಹಾಕಿ ಮೂರು ದಿನವಾಗಿದೆ. ಕೂದಲು ಜಿಡ್ಡಾಗಿ ನೆತ್ತಿಗೆ ಅಂಟಿಕೊಂಡಿದೆ. ಈಗ ತೊಳೆದರೆ ಉದ್ದ ಕೂದಲು ಒಣಗುವುದು ಯಾವಾಗ? ಮಗಳು ಡಬ್ಬಿಯಿಂದ ಬಿಳಿ ಪುಡಿ ಉದುರಿಸಿಕೊಂಡು ಬಾಚುತ್ತಾಳೆ. ಹತ್ತು ನಿಮಿಷದಲ್ಲಿ ಕೂದಲು ಹಗುರ! 'ನೀರೇ ಇಲ್ಲದೆ ಅದೆಂಥ ಸ್ನಾನವೇ?' ಎಂದು ಅಮ್ಮ ಗೊಣಗುತ್ತಾರೆ. 'ಡಬ್ಬಿಯ ಮೇಲೇ ಶಾಂಪೂ ಅಂತ ಬರೆದಿದೆ ನೋಡಮ್ಮ' ಎಂಬುದು ಮಗಳ ಉತ್ತರ. ಇಬ್ಬರಲ್ಲಿ ಯಾರ ಮಾತು ಸರಿ?

ಮೊದಲು ಜಿಡ್ಡಿನ ವಿಷಯ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಕೂದಲಿನ ಬುಡದ ಬಳಿ ಚರ್ಮದೊಳಗೆ ಪುಟ್ಟ ತೈಲಗ್ರಂಥಿಗಳಿರುತ್ತವೆ. ಇವುಗಳಿಂದ ಒಸರುವ 'ಸೀಬಮ್' ಎಂಬ ಜಿಡ್ಡು ಚರ್ಮವನ್ನೂ ಕೂದಲನ್ನೂ ಒಣಗದಂತೆ ಕಾಪಾಡುತ್ತದೆ. ಹದಿಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಈ ಗ್ರಂಥಿಗಳು ಚುರುಕಾಗುತ್ತವೆ. ಆದ್ದರಿಂದ ಹೈಸ್ಕೂಲು, ಕಾಲೇಜು ಮಕ್ಕಳ ತಲೆ ಬೇಗ ಜಿಡ್ಡಾದರೆ ಅದು ಸೋಮಾರಿತನವೆಂದು ಗದರಬೇಕಾಗಿಲ್ಲ; ಅದು ವಯಸ್ಸಿನ ಗುಣ.

ಪುಡಿಯಲ್ಲಿರುವುದು ಹೆಚ್ಚಾಗಿ ಅಕ್ಕಿ ಅಥವಾ ಮೆಕ್ಕೆಜೋಳದ ಪಿಷ್ಟ. ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಅದರ ಶಕ್ತಿಯೆಲ್ಲ ಇರುವುದು ನುಣ್ಣಗಿರುವುದರಲ್ಲಿ. ಒಂದು ಸೆಂಟಿಮೀಟರ್ ಬಾಹುವಿನ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಬಾಹುವಿರುವ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಸೆಂ.ಮೀ. ಆಗುತ್ತದೆ! ಪಿಷ್ಟದ ಕಣಗಳ ಗಾತ್ರ ಹೆಚ್ಚುಕಡಿಮೆ ಇಷ್ಟೇ. ಈ ವಿಸ್ತಾರವಾದ ಮೇಲ್ಮೈಗೆ ಜಿಡ್ಡು ಅಂಟಿಕೊಳ್ಳುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಕಣಗಳ ನಡುವಿನ ಸಂದುಗಳಿಗೂ ಸೇರುತ್ತದೆ. ಬಾಚಿದಾಗ ಜಿಡ್ಡು ಹೊತ್ತ ಪುಡಿ ಒಂದಿಷ್ಟು ಉದುರಿ, ಕೂದಲು ಬಿಡಿಬಿಡಿಯಾಗುತ್ತದೆ. ಅಷ್ಟರಮಟ್ಟಿಗೆ ಮಗಳ ಮಾತು ಸರಿ.

ತಲೆಗೆ ಪಿಷ್ಟ ಹಾಕುವುದು ಹೊಸದೇನಲ್ಲ. 18ನೆಯ ಶತಮಾನದ ಯೂರೋಪಿನ ಸಿರಿವಂತರು ಶೋಕಿಗಾಗಿ ಕೂದಲಿಗೆ ಜಿಡ್ಡು ಬಳಿದು, ಅದರ ಮೇಲೆ ಗೋಧಿಯ ಪಿಷ್ಟ ಉದುರಿಸುತ್ತಿದ್ದರು. 1795ರಲ್ಲಿ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್ ಇದಕ್ಕೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದರು. ಆ ಶೋಕಿಗಾರರಿಗೆ ಪುಡಿ ಉದುರದೆ ಜಿಡ್ಡಿಗೆ ಅಂಟಿಕೊಂಡೇ ಇರಬೇಕಿತ್ತು. ಇಂದಿನವರಿಗೆ ಅದು ಉದುರಿ ಹೋಗಬೇಕು. ಆದರೆ ಪೂರ್ತಿ ಹೋಗುತ್ತದೆಯೇ?

ಇದನ್ನು ನೀವೇ ಪರೀಕ್ಷಿಸಬಹುದು. ಪುಡಿ ಹಾಕಿ ಚೆನ್ನಾಗಿ ಬಾಚಿದ ಮರುದಿನ, ತೊಳೆದು ಒಣಗಿಸಿದ ಬಾಚಣಿಗೆಯಿಂದ ಮತ್ತೆ ತಲೆ ಬಾಚಿ. ಬಾಚಣಿಗೆಯನ್ನು ಲೋಟದಲ್ಲಿ ಸ್ವಲ್ಪ ನೀರಿಗೆ ಅದ್ದಿ ಅಲುಗಿಸಿ, ಆ ನೀರಿಗೆ ಶಾಲೆಯ ಪ್ರಯೋಗಾಲಯದ ಅಯೋಡಿನ್ ದ್ರಾವಣ ಒಂದು ಹನಿ ಹಾಕಿ. ನೀಲಿಗಪ್ಪು ಬಣ್ಣ ಬಂದರೆ ಪಿಷ್ಟ ಇನ್ನೂ ತಲೆಯಲ್ಲೇ ಉಳಿದಿತ್ತು ಎಂದರ್ಥ. (ಅಯೋಡಿನ್ ತಲೆಗೂ ಬಟ್ಟೆಗೂ ತಾಗಬಾರದು.)

ತೊಳೆಯುವುದೆಂದರೆ ಬೇರೆಯೇ ಕೆಲಸ. ಶಾಂಪೂವಿನ ಮಾರ್ಜಕ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ನೀರು ಹರಿದಾಗ ಜಿಡ್ಡು, ಧೂಳು, ಬೆವರಿನ ಉಪ್ಪು ಎಲ್ಲವೂ ಕೊಚ್ಚಿಹೋಗುತ್ತವೆ. ಸೀಗೆಪುಡಿ, ಅಂಟುವಾಳಗಳಲ್ಲಿರುವ ಸಪೋನಿನ್ ಮಾಡುವುದೂ ಇದನ್ನೇ. ಸೀಗೆಯೂ ಪುಡಿಯೇ, ಆದರೆ ನೀರು ಸೇರಿದ ಮೇಲಷ್ಟೇ ಅದರ ಕೆಲಸ ಆರಂಭ. ಒಣ ಶಾಂಪೂವಿನಲ್ಲಿ ಬೆವರಿನ ಉಪ್ಪೂ ಧೂಳೂ ಬಹುಪಾಲು ಅಲ್ಲೇ ಉಳಿಯುತ್ತವೆ. ತಲೆಹೊಟ್ಟಿಗೆ ಕಾರಣವಾಗುವ 'ಮಲಸೀಜಿಯ' ಎಂಬ ಶಿಲೀಂಧ್ರ ಸೀಬಮ್ಮನ್ನೇ ಉಂಡು ಬದುಕುತ್ತದೆ. ಪುಡಿ ಅದನ್ನು ಕೊಲ್ಲುವುದಿಲ್ಲ. ಮೇಲಾಗಿ ಬಿಳಿ ಹೊಟ್ಟು ಬಿಳಿ ಪುಡಿಯಲ್ಲಿ ಮರೆಯಾಗಿ, ತೊಂದರೆ ಗೊತ್ತಾಗುವುದೇ ತಡವಾಗಬಹುದು. ಇಲ್ಲಿ ಅಮ್ಮನ ಮಾತು ಸರಿ.

ಹಾಗಾದರೆ ಪುಡಿ ಬೇಡವೇ? ಬೇಕು, ಹೊತ್ತಿಗೆ. ಪರೀಕ್ಷೆ, ಪ್ರಯಾಣ, ಜ್ವರ, ಕೈಮುರಿದು ಪ್ಲಾಸ್ಟರ್ ಹಾಕಿದ ದಿನಗಳಲ್ಲಿ ಅದು ಉಪಕಾರಿ. ಚಿಟಿಕೆಯಷ್ಟು ಪುಡಿಯನ್ನು ಬೈತಲೆ ತೆಗೆದು ಕೂದಲಿನ ಬುಡಕ್ಕೆ ಹಾಕಿ, ಐದು ನಿಮಿಷ ಬಿಟ್ಟು ಚೆನ್ನಾಗಿ ಬಾಚಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಹಾಕಿದರೆ ಕಣಕವಾದೀತು! ಉಸಿರಿನೊಂದಿಗೆ ಪುಡಿ ಒಳಹೋಗದಂತೆ ನೋಡಿಕೊಳ್ಳಿ. ಸ್ಪ್ರೇ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬ್ಯೂಟೇನ್‌ನಂಥ ಉರಿಯುವ ಅನಿಲವಿರುವುದರಿಂದ ಅವನ್ನು ಒಲೆಯ ಬಳಿ ಬಳಸಲೇಬಾರದು. 2022ರಲ್ಲಿ ಅಮೆರಿಕದಲ್ಲಿ ಇಂಥ ಕೆಲವು ಸ್ಪ್ರೇಗಳನ್ನು, ಕ್ಯಾನ್ಸರ್‌ಕಾರಕ ಬೆಂಜೀನ್ ಇರಬಹುದೆಂದು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಪುಡಿಯನ್ನು ಒಂದೆರಡು ಸಲ ಬಳಸಿದ ಮೇಲೆ ತಲೆ ತೊಳೆಯಲೇಬೇಕು. ತುರಿಕೆ, ಹೊಟ್ಟು ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಸದ್ಯಕ್ಕೆ ಮಗಳು ಪುಡಿ ಹಾಕಿಕೊಂಡೇ ಪರೀಕ್ಷೆಗೆ ಹೋಗಿಬರಲಿ. ಸಂಜೆ ಬರುವ ಹೊತ್ತಿಗೆ ಅಮ್ಮ ಒಂದು ಹಂಡೆ ನೀರು ಕಾಯಿಸಿಟ್ಟಿರಲಿ.