ಚಿಂಕಾರದ ರೋಮ ಉಳಿಯಲಿ

ಕಳೆದ ಚಳಿಗಾಲದ ಒಂದು ಸಂಜೆ ಯಡಹಳ್ಳಿಯ ಕುರುಚಲು ಕಾಡಿನ ಅಂಚಿನಲ್ಲಿ ನಾನು ತೆಗೆದ ಚಿಂಕಾರದ ಛಾಯಾಚಿತ್ರವನ್ನು ಗೆಳೆಯರಿಗೆ ತೋರಿಸಿದಾಗ ಬನಹಟ್ಟಿಯ ಮಿತ್ರನೊಬ್ಬನು, “ಏನೋ ಇದು, ಚಿತ್ರದ ಮ್ಯಾಲ ರವಾ ಚೆಲ್ಲಿದಂಗ ಐತಲ್ಲ!” ಎಂದು ನಕ್ಕನು. ಮತ್ತೊಬ್ಬನು ಅದನ್ನು ತನ್ನ ಫೋನಿಗೆ ಹಾಕಿಕೊಂಡು ಎರಡೇ ನಿಮಿಷದಲ್ಲಿ ನುಣ್ಣಗೆ ಮಾಡಿ ತಂದನು. ರವೆಯೇನೋ ಹೋಗಿತ್ತು, ಅದರೊಡನೆ ಪ್ರಾಣಿಯ ರೋಮವೂ ಹೋಗಿತ್ತು. ಚಿಂಕಾರವು ಮೇಣದ ಬೊಂಬೆಯಂತೆ ನಿಂತಿತ್ತು. ಆದರೂ ಎಲ್ಲರೂ ಎರಡನೆಯದನ್ನೇ ಮೆಚ್ಚಿದರು. ಆ ಮೆಚ್ಚುಗೆ ಸರಿಯಲ್ಲವೆಂದು ವಾದಿಸುವುದಕ್ಕಾಗಿಯೇ ಈ ನಾಲ್ಕು ಮಾತು.

ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ ಯಡಹಳ್ಳಿಯ ಸುಮಾರು 96 ಚದರ ಕಿಲೋಮೀಟರು ನೆಲವು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಅಲ್ಲಿಯ ಜೀವಿಗಳು ನಮ್ಮ ಅನುಕೂಲ ನೋಡಿ ಹೊರಬರುವುದಿಲ್ಲ. ಚಿಂಕಾರ ಮೇಯುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ತೋಳ, ಕತ್ತೆಕಿರುಬಗಳಂತೂ ಕತ್ತಲೆಯ ಸಂಚಾರಿಗಳು. ಬೆಳಕು ಕಡಿಮೆ, ಪ್ರಾಣಿ ಚಂಚಲ. ಹೀಗಿರಲು ಐಎಸ್‌ಒವನ್ನು 6400ಕ್ಕೆ ಏರಿಸದೆ ಗತಿಯಿಲ್ಲ.

ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚುತ್ತದೆ ಎಂಬುದೊಂದು ಭ್ರಮೆ. ಇದ್ದ ಬೆಳಕನ್ನೇ ಯಂತ್ರವು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ. ಅಂಗಳದಲ್ಲಿ ಸಾಲಾಗಿ ಲೋಟಗಳನ್ನಿಟ್ಟಿದ್ದೀರೆಂದು ಭಾವಿಸಿರಿ. ಜಡಿಮಳೆ ಬಂದರೆ ಎಲ್ಲ ಲೋಟಗಳೂ ಹೆಚ್ಚುಕಡಿಮೆ ಸಮನಾಗಿ ತುಂಬುತ್ತವೆ. ನಾಲ್ಕು ಹನಿ ಉದುರಿದರೆ ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏನೂ ಇಲ್ಲ. ಬೆಳಕಿನ ಕಣಗಳದೂ ಇದೇ ರೀತಿ. ಒಂದು ಬಿಂದುವಿಗೆ 10,000 ಕಣಗಳು ಬಂದರೆ ಏರುಪೇರು ಸುಮಾರು 100, ಎಂದರೆ ನೂರಕ್ಕೆ ಒಂದು. 100 ಮಾತ್ರ ಬಂದರೆ ಏರುಪೇರು 10, ನೂರಕ್ಕೆ ಹತ್ತು. ನಾಯ್ಸ್ ಎಂದು ನಾವು ಶಪಿಸುವ ಆ ಕಾಳುಕಾಳು ಬಹುಮಟ್ಟಿಗೆ ಇದೇ. ಐಎಸ್‌ಒಗೆ ಹೆದರಿ ಚಿತ್ರವನ್ನು ಕಪ್ಪಾಗಿ ತೆಗೆದು ಆಮೇಲೆ ಗಣಕಯಂತ್ರದಲ್ಲಿ ಬೆಳಗಿಸುವುದು ಅನೇಕ ವೇಳೆ ಇನ್ನೂ ಕೆಡುಕು.

ಹಾಗಾದರೆ ಕಾಳನ್ನು ತೆಗೆಯಲೇಬಾರದೇ? ತೆಗೆಯಬಹುದು, ಕೈ ಹಗುರವಾಗಿರಬೇಕು. ಬಟ್ಟೆಯ ಮೇಲಿನ ಜುಂಗು ಹೋಗಲೆಂದು ಒರಟಾಗಿ ಉಜ್ಜಿದರೆ ಎಳೆಯೇ ಎದ್ದುಬರುತ್ತದೆಂದು ನೇಕಾರ ಮನೆತನದ ಆ ಬನಹಟ್ಟಿಯ ಮಿತ್ರನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಚಿತ್ರವನ್ನು ರಾ ಕಡತವಾಗಿಯೇ ತೆಗೆಯಬೇಕು. ಕೆಂಪು, ಹಸಿರು ಚುಕ್ಕೆಗಳಂತೆ ಕಾಣುವ ಬಣ್ಣದ ಕಾಳನ್ನು ಧಾರಾಳವಾಗಿ ಅಳಿಸಬಹುದು, ರೋಮದ ವಿವರಕ್ಕೆ ಅದರಿಂದ ಅಷ್ಟು ನಷ್ಟವಿಲ್ಲ. ಬೆಳಕಿನ ಕಾಳನ್ನು ಮಾತ್ರ ಜಿಪುಣನಂತೆ ಮುಟ್ಟಬೇಕು. ಹಿಂದಿನ ಆಕಾಶವನ್ನೋ ಮಸುಕಾದ ಪೊದೆಯನ್ನೋ ಬೇರೆಯಾಗಿ ಆರಿಸಿ ನುಣುಪು ಮಾಡಿ, ಕಣ್ಣು, ಕೊಂಬಿನ ಉಂಗುರಗಳು, ಮುಖದ ಪಟ್ಟೆಗಳನ್ನು ಬಿಟ್ಟುಬಿಡಬೇಕು. ಹರಿತಗೊಳಿಸುವ ಕೆಲಸ ಇದೆಲ್ಲ ಆದ ಮೇಲೆ. ಮೊದಲೇ ಮಾಡಿದರೆ ಕಾಳೂ ಹರಿತವಾಗುತ್ತದೆ!

ಈಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಲೈಟ್‌ರೂಮಿನಲ್ಲೂ 2023ರಿಂದ ಅಂಥ ಸೌಲಭ್ಯವಿದೆ. ಅವು ನಿಜಕ್ಕೂ ಚತುರವಾದವು, ನಾನೂ ಬಳಸುತ್ತೇನೆ. ಆದರೆ ಮಿತಿಮೀರಿ ಒತ್ತಿದರೆ ಅವು ಕಾಳನ್ನು ತೆಗೆಯುವುದಷ್ಟೇ ಅಲ್ಲ, ಇಲ್ಲದ ಕೂದಲನ್ನು ಊಹಿಸಿ ಬರೆಯುತ್ತವೆ. ಗೋಡೆಗೆ ತೂಗುಹಾಕುವ ಚಿತ್ರವಾದರೆ ಇರಲಿ ಎನ್ನಬಹುದು. ಕತ್ತೆಕಿರುಬದ ವಿಷಯ ಹಾಗಲ್ಲ. ಒಂದನ್ನು ಇನ್ನೊಂದರಿಂದ ಗುರುತಿಸಿ ಎಣಿಸುವುದು ಮೈಮೇಲಿನ ಪಟ್ಟೆಗಳಿಂದ. ಆ ಪಟ್ಟೆಯನ್ನು ಯಂತ್ರವೇ ತಿದ್ದಿದರೆ ಒಂದೇ ಪ್ರಾಣಿ ಎರಡಾಗಬಹುದು, ಎರಡು ಒಂದಾಗಬಹುದು. ವನ್ಯಧಾಮದ ಲೆಕ್ಕಕ್ಕೆ ಅಂಥ ಚಿತ್ರವನ್ನು ಕೊಡುವವನು ಸುಳ್ಳು ಸಾಕ್ಷಿ ನುಡಿದಂತೆಯೇ. ಮೂಲ ಕಡತವನ್ನು ತಿದ್ದದೆ ಇಟ್ಟುಕೊಳ್ಳಬೇಕೆಂಬ ನನ್ನ ಹಟಕ್ಕೆ ಇದೇ ಕಾರಣ.

ಫಿಲ್ಮಿನ ಕಾಲದಲ್ಲಿಯೂ ವೇಗದ ಫಿಲ್ಮಿಗೆ ಬೆಳ್ಳಿಯ ಕಾಳು ಇದ್ದೇ ಇತ್ತು. ಸಂಡೂರಿನ ಎಂ. ವೈ. ಘೋರ್ಪಡೆಯವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳ ಮುಂದೆ ನಿಂತವರು ಆನೆಯನ್ನು ನೋಡುತ್ತಾರೆಯೇ ಹೊರತು ಕಾಳನ್ನು ಎಣಿಸುವುದಿಲ್ಲ. ನಮ್ಮ ತೊಂದರೆಯೆಂದರೆ ಪರದೆಯ ಮೇಲೆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುವುದು. ಅಂಗೈಯಗಲಕ್ಕೆ ಇಳಿಸಿ ಅಚ್ಚು ಹಾಕಿದರೆ ಅರ್ಧ ಕಾಳು ತಾನಾಗಿಯೇ ಮಾಯವಾಗುತ್ತದೆ.

ಈ ಸಂಚಿಕೆಗೆಂದು ಸಂಪಾದಕರಿಗೆ ನಾನು ಕೊಟ್ಟಿರುವುದು ಆ ರವೆ ಚೆಲ್ಲಿದ ಚಿತ್ರವನ್ನೇ.