ಸುಡಾನಿನ ಬೀದಿಯ ಒಲೆಗಳು: ನೆರವಿನ ತೀರ್ಮಾನ ಯಾರದಾಗಿರಬೇಕು?



2023ರ ಏಪ್ರಿಲ್ ತಿಂಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಸುಡಾನ್ ದೇಶದ ಹೆಸರು ಕೆಲವು ದಿನ ಎಡೆಬಿಡದೆ ಕಾಣಿಸಿಕೊಂಡದ್ದು ಓದುಗರಿಗೆ ನೆನಪಿರಬಹುದು. ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ನಾಡಿನ ಹಕ್ಕಿಪಿಕ್ಕಿ ಸಮುದಾಯದ ಬಂಧುಗಳು ಏಪ್ರಿಲ್ 15ರಂದು ಆರಂಭವಾದ ಯುದ್ಧದ ನಡುವೆ ಸಿಲುಕಿದ್ದರು. ಅವರಲ್ಲಿ ಕೆಲವರು ಇದ್ದದ್ದು ದಾರ್ಫುರ್ ಪ್ರಾಂತದ ಎಲ್ ಫಾಶರ್ ನಗರದಲ್ಲಿ. ಕೇಂದ್ರ ಸರ್ಕಾರವು ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಹಡಗು, ವಿಮಾನಗಳನ್ನು ಕಳುಹಿಸಿ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಮ್ಮವರು ಮನೆ ಸೇರಿದರು. ನಮ್ಮ ಮಟ್ಟಿಗೆ ಸುದ್ದಿಯೂ ಅಲ್ಲಿಗೆ ಮುಗಿಯಿತು.

ಅಲ್ಲಿಯೇ ಉಳಿದವರ ಸಂಕಟ ಮುಗಿಯಲಿಲ್ಲ. 2024ರ ಮೇ ತಿಂಗಳಿನಿಂದ ಎಲ್ ಫಾಶರ್ ನಗರಕ್ಕೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ ಮುತ್ತಿಗೆ ಹಾಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಗರದ ಸಮೀಪದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿರುವುದನ್ನು ತಜ್ಞರ ಸಮಿತಿ ದೃಢಪಡಿಸಿತು. ಧಾನ್ಯ ಮುಗಿದಾಗ ಎಲ್ ಫಾಶರ್‌ನ ಜನರು ದನಗಳಿಗೆ ಹಾಕುವ ಶೇಂಗಾ ಹಿಂಡಿಯನ್ನು ಬೇಯಿಸಿ ತಿಂದರು. 2025ರ ಅಕ್ಟೋಬರ್ 26ರಂದು ನಗರವು ಆರ್‌ಎಸ್‌ಎಫ್ ವಶವಾಯಿತು. ಆಗ ನಡೆದ ಸಾಮೂಹಿಕ ಹತ್ಯೆಗಳ ವರದಿಗಳನ್ನು ಓದಲು ಎದೆ ಗಟ್ಟಿಯಿರಬೇಕು.

ಸುಮಾರು 5 ಕೋಟಿ ಜನಸಂಖ್ಯೆಯ ಆ ದೇಶದಲ್ಲಿ 1.2 ಕೋಟಿಗೂ ಹೆಚ್ಚು ಜನರು ಮನೆಮಠ ಬಿಟ್ಟು ಹೊರಟರು. ಲಕ್ಷಾಂತರ ಜನ ಗಡಿ ದಾಟಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್ ಸೇರಿದರು. ಉಳಿದವರು ತಮ್ಮ ದೇಶದೊಳಗೇ ಊರಿಂದೂರಿಗೆ ಅಲೆದರು. ಇಷ್ಟು ಜನರಿಗೆ ಅನ್ನ ಹಾಕಿದವರು ಯಾರು ಎಂಬ ಪ್ರಶ್ನೆಯೇ ಈ ಲೇಖನದ ವಿಷಯ.

ಯುದ್ಧವು ರಾಜಧಾನಿ ಖಾರ್ಟೂಮ್‌ನಲ್ಲಿಯೇ ಆರಂಭವಾದ ಕಾರಣ ವಿಶ್ವಸಂಸ್ಥೆಯ ಅಧಿಕಾರಿಗಳೂ ವಿದೇಶೀ ಸೇವಾಸಂಸ್ಥೆಗಳವರೂ ನಗರವನ್ನು ತೊರೆಯಬೇಕಾಯಿತು. ಗೋದಾಮುಗಳು ಲೂಟಿಯಾದವು. ಸೇನೆಯ ಅನುಮತಿ ದೊರೆತ ಲಾರಿಗೆ ಆರ್‌ಎಸ್‌ಎಫ್ ಪ್ರದೇಶದಲ್ಲಿ ದಾರಿಯಿರಲಿಲ್ಲ. ಚಾಡ್ ಗಡಿಯ ಅದ್ರೆ ದ್ವಾರವನ್ನು 2024ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಮುಚ್ಚಲಾಗಿತ್ತು. ದೊಡ್ಡ ನೆರವು ದೂರದಲ್ಲಿ ನಿಂತಾಗ ಪ್ರತಿ ಬಡಾವಣೆಯ ಯುವಕ ಯುವತಿಯರು, ಗೃಹಿಣಿಯರು, ಶಿಕ್ಷಕರು, ವೈದ್ಯರು ಸೇರಿ ‘ತುರ್ತು ಸ್ಪಂದನ ಕೊಠಡಿ’ಗಳನ್ನು ಕಟ್ಟಿಕೊಂಡರು. ಅನ್ನ, ನೀರು, ಔಷಧಿ, ಗಾಯಾಳುಗಳ ಸಾಗಾಟ, ಮಹಿಳೆಯರ ರಕ್ಷಣೆ ಎಲ್ಲವೂ ಈ ಕೊಠಡಿಗಳ ಹೊಣೆಯಾಯಿತು.

ಇದಕ್ಕೆ ಹಳೆಯ ಬೇರು ಇದೆ. ಊರಿನವರೆಲ್ಲ ಕೂಡಿ ಒಬ್ಬರ ಹೊಲದ ಕೆಲಸಕ್ಕೋ ಮನೆ ಕಟ್ಟುವುದಕ್ಕೋ ನೆರವಾಗುವ ಪದ್ಧತಿಗೆ ಸುಡಾನಿನಲ್ಲಿ ‘ನಫೀರ್’ ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2013ರ ಪ್ರವಾಹದಲ್ಲಿ ಯುವಜನರು ಅದೇ ಹೆಸರಿನಲ್ಲಿ ಪರಿಹಾರ ಕಾರ್ಯ ನಡೆಸಿದ್ದರು. 2018-19ರ ಜನಾಂದೋಲನದಲ್ಲಿ ಬಲಗೊಂಡ ಬಡಾವಣೆ ಸಮಿತಿಗಳು ಯುದ್ಧ ಬಂದಾಗ ಈ ಕೊಠಡಿಗಳಿಗೆ ಆಧಾರವಾದವು. ಅವು ನಡೆಸುವ ಸಾಮೂಹಿಕ ಅಡುಗೆಮನೆಗೆ ‘ತಕಿಯಾ’ ಎಂದು ಹೆಸರು. ಸೂಫಿ ಸಾಧಕರ ನೆಲೆಗಳಲ್ಲಿ ಬಂದವರಿಗೆಲ್ಲ ಉಣಬಡಿಸುತ್ತಿದ್ದ ಸಂಪ್ರದಾಯದಿಂದ ಬಂದ ಪದವಿದು. ಬೇಳೆ, ಅವರೆಯಂಥ ಕಾಳು, ಜೋಳದ ಹಿಟ್ಟಿನ ಮುದ್ದೆ ಅಲ್ಲಿಯ ಊಟ. ಜೋಳ ಉಣ್ಣುವ ನಾಡಿನವರಾದ ನಮಗೆ, ದಾಸೋಹದ ಪಂಕ್ತಿಯಲ್ಲಿ ಕುಳಿತು ಬೆಳೆದ ನಮಗೆ, ಆ ಒಲೆ ಅಪರಿಚಿತವಲ್ಲ.

ಕೆಲಸದ ಕ್ರಮವೂ ಸರಳ. ಬಡಾವಣೆಯವರು ಸಭೆ ಸೇರಿ ಅಗತ್ಯವನ್ನು ನಿರ್ಧರಿಸುತ್ತಾರೆ. ಮೇಲಿನ ಹಂತದ ಕೊಠಡಿ ಸಣ್ಣ ಮೊತ್ತವನ್ನು ಮಂಜೂರು ಮಾಡುತ್ತದೆ. ಹಣವು ಬಹುಮಟ್ಟಿಗೆ ‘ಬಂಕಕ್’ ಎಂಬ ಮೊಬೈಲ್ ಆ್ಯಪ್ ಮೂಲಕ ತಲುಪುತ್ತದೆ. ಖರ್ಚಿನ ರಸೀದಿ, ಛಾಯಾಚಿತ್ರಗಳನ್ನು ಹಿಂದಿರುಗಿಸಬೇಕು. 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ಅಂತರ್ಜಾಲ ಸ್ಥಗಿತಗೊಂಡಾಗ ಹಣ ಬಾರದೆ ಎಷ್ಟೋ ಒಲೆಗಳು ಆರಿದವು. ಈ ಕೊಠಡಿಗಳಿಗೆ 2025ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಸಂದಿತು.

ಪ್ರಶಸ್ತಿ ಬಂದಷ್ಟು ಸುಲಭವಾಗಿ ಹಣ ಬರಲಿಲ್ಲ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದಾನಿ ದೇಶಗಳೂ ದೊಡ್ಡ ಸಂಸ್ಥೆಗಳೂ ಒಂದು ಒಪ್ಪಂದಕ್ಕೆ ಬಂದಿದ್ದವು. 2020ರ ಹೊತ್ತಿಗೆ ನೆರವಿನ ಹಣದಲ್ಲಿ ಕನಿಷ್ಠ ಶೇ. 25ರಷ್ಟನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯರಿಗೆ ತಲುಪಿಸುವುದು ಅದರ ಗುರಿ. ಗುರಿ ಈಡೇರಲಿಲ್ಲ. ದೊಡ್ಡ ಸಂಸ್ಥೆಯಿಂದ ಮತ್ತೊಂದು ಸಂಸ್ಥೆಗೆ, ಅಲ್ಲಿಂದ ಇನ್ನೊಂದಕ್ಕೆ ಇಳಿಯುತ್ತಾ ಬರುವ ಹಣ ಪ್ರತಿ ಮೆಟ್ಟಿಲಿನಲ್ಲಿಯೂ ಸವೆಯುತ್ತದೆ. 2025ರಲ್ಲಿ ಸುಡಾನಿನ ಒಳಗಿನ ನೆರವಿಗೆ ವಿಶ್ವಸಂಸ್ಥೆ ಕೇಳಿದ್ದು ಸುಮಾರು 4.2 ಶತಕೋಟಿ ಡಾಲರ್. ಅದರ ಅರ್ಧವೂ ಒದಗಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ಒಮ್ಮೆಲೇ ತಡೆಹಿಡಿದಾಗ ಸಾವಿರಕ್ಕೂ ಹೆಚ್ಚು ಅಡುಗೆಮನೆಗಳು ಕೆಲವೇ ವಾರಗಳಲ್ಲಿ ಮುಚ್ಚಿದವು. ವಾಷಿಂಗ್ಟನ್‌ನಲ್ಲಿ ಬಿದ್ದ ಒಂದು ಸಹಿಗೆ ಖಾರ್ಟೂಮ್‌ನ ಮಕ್ಕಳು ಉಪವಾಸ ಮಲಗಿದರು.

ದಾನಿಗಳ ಆತಂಕವನ್ನು ತಳ್ಳಿಹಾಕುವಂತಿಲ್ಲ. ನೋಂದಣಿಯಿಲ್ಲದ ಗುಂಪಿಗೆ ಹಣ ಕೊಡುವುದು ಹೇಗೆ? ಲೆಕ್ಕ ಯಾರು ನೋಡುತ್ತಾರೆ? ಮಠದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ನನಗೆ ಈ ಪ್ರಶ್ನೆಗಳ ತೂಕ ಗೊತ್ತಿದೆ. ಆದರೆ ಲೆಕ್ಕಪರಿಶೋಧಕರ ಸಹಿಯೊಂದೇ ಪ್ರಾಮಾಣಿಕತೆಯ ಕಾವಲಲ್ಲ. ಸೌಟು ಹಿಡಿದವನನ್ನು ಪಂಕ್ತಿಯಲ್ಲಿ ಕುಳಿತವರು ಹೆಸರು ಹಿಡಿದು ಕರೆಯಬಲ್ಲರು ಎಂಬುದೂ ಒಂದು ಕಾವಲು. ಎರಡೂ ಬೇಕು. ಸಣ್ಣ ಮೊತ್ತ, ಸರಳ ನಮೂನೆ, ಬಹಿರಂಗ ಲೆಕ್ಕ ಎಂಬ ಕ್ರಮದಿಂದ ಎರಡನ್ನೂ ಕೂಡಿಸಬಹುದೆಂದು ಈ ಕೊಠಡಿಗಳು ತೋರಿಸಿಕೊಟ್ಟಿವೆ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಸ್ಥಳೀಯರೇ ಎಲ್ಲವನ್ನೂ ಮಾಡಿಕೊಳ್ಳುತ್ತಾರೆ ಎಂದು ಹೊಗಳಿ ಜಗತ್ತು ಕೈತೊಳೆದುಕೊಳ್ಳಬಾರದು. ಬಡಾವಣೆಯ ಯುವಕರು ಬೇಳೆ ಬೇಯಿಸಬಲ್ಲರು, ಮುತ್ತಿಗೆಯನ್ನು ತೆರವುಗೊಳಿಸಲಾರರು. ಲಸಿಕೆ, ಸಾವಿರಾರು ಟನ್ ಧಾನ್ಯ, ಕದನ ವಿರಾಮದ ಒತ್ತಡ ಇವು ರಾಷ್ಟ್ರಗಳು ಮಾಡಬೇಕಾದ ಕೆಲಸಗಳು. ಎರಡೂ ಪಕ್ಷಗಳು ಈ ಸ್ವಯಂಸೇವಕರನ್ನು ಶತ್ರುವಿನ ಕಡೆಯವರೆಂದು ಶಂಕಿಸಿ ಬಂಧಿಸಿವೆ. ಹಲವರು ಪ್ರಾಣ ತೆತ್ತಿದ್ದಾರೆ. ತೀರ್ಮಾನ ಅವರದಾಗಲಿ ಎನ್ನುವವರು ಅಪಾಯವನ್ನು ಮಾತ್ರ ಅವರ ಪಾಲಿಗೆ ಬಿಡುವುದು ನ್ಯಾಯವಲ್ಲ.

ಇದು ದೂರದ ಆಫ್ರಿಕದ ಮಾತು ಎಂದು ಯಾರಿಗಾದರೂ ಅನ್ನಿಸಬಹುದು. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿ ಹರಿದಾಗ ನಮ್ಮ ಮಠದಿಂದ ಒಂದು ಗ್ರಾಮಕ್ಕೆ ಲಾರಿ ತುಂಬ ರೊಟ್ಟಿ, ಚಟ್ನಿಪುಡಿ, ಹಳೆಯ ಬಟ್ಟೆಗಳನ್ನು ಒಯ್ದಿದ್ದೆವು. ಶಾಲೆಯ ಅಂಗಳದಲ್ಲಿ ಆಗಲೇ ಮೂರು ಲಾರಿಗಳ ರೊಟ್ಟಿ ಬಂದು ಬಿದ್ದಿತ್ತು. ಬಟ್ಟೆಯ ಗಂಟುಗಳು ಮಳೆಯಲ್ಲಿ ನೆನೆಯುತ್ತಿದ್ದವು. ಅಲ್ಲಿ ಒಲೆ ಹೂಡಿದ್ದ ತಾಯಿಯೊಬ್ಬರು, ‘ರೊಟ್ಟಿ ಭಾಳ ಬಂದಾವ್ರಿ, ದನಕ್ಕ ಹಾಕಾಕ ಮೇವಿಲ್ರಿ’ ಎಂದರು. ಹೊರಡುವ ಮೊದಲು ಆ ಊರಿಗೆ ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತು. ನಾವು ಮಾಡಿರಲಿಲ್ಲ. ನಮ್ಮ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಏನು ಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ಮಾತ್ರ ನಾವೇ ಇಟ್ಟುಕೊಂಡಿದ್ದೆವು. ಮರುದಿನ ಅದೇ ಲಾರಿಯಲ್ಲಿ ಮೇವು ಹೋಯಿತು.

ಕೊಡುವವನು ಮೇಲಲ್ಲ, ಕೊಳ್ಳುವವನು ಕೀಳಲ್ಲ ಎಂಬ ಭಾವವೇ ದಾಸೋಹವನ್ನು ದಾನದಿಂದ ಬೇರೆಯಾಗಿಸುತ್ತದೆ. ನೆರವಿನ ತೀರ್ಮಾನದಲ್ಲಿ ಹಸಿದವರಿಗೂ ಸ್ಥಾನವಿರಬೇಕೆಂಬ ಸುಡಾನಿಗರ ಬೇಡಿಕೆ ಇದಕ್ಕಿಂತ ಬೇರೆಯಲ್ಲ. ಮುಂದೆ ಎಲ್ಲಿಯೇ ನೆರೆಯಾಗಲಿ, ಬರವಾಗಲಿ, ಗಲಭೆಯಾಗಲಿ, ಜನ ಮನೆ ಬಿಟ್ಟು ಹೊರಟಾಗ ಭಕ್ತರು ಕಾಣಿಕೆ ಕೂಡಿಸುವ ಮೊದಲು ಒಂದು ಮಾತು ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇನೆ: ಅಲ್ಲಿ ಈಗಾಗಲೇ ಒಲೆ ಹಚ್ಚಿದವರು ಯಾರು, ಅವರಿಗೆ ಏನು ಬೇಕಾಗಿದೆ?

ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ