ಮುತ್ಯಾ ಕೆಡಿಸಿದ ಹೆಪ್ಪು

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ. ಮನೆಯಲ್ಲಿ ಆಯಿ ಇದ್ದರೆ ಅವರಿಗೂ ಓದಿ ಹೇಳಿ. ನಗುತ್ತಾರೆ, ನಗಲಿ.

ಬ್ಯಾಂಕಿನ ಕಾರಕೂನನಾಗಿ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಊರೂರು ವರ್ಗವಾಗುತ್ತ ಹೋದವನು. ಪ್ರತಿ ಸಲ ಲಾರಿಗೆ ಸಾಮಾನು ಏರಿಸುವಾಗ ನನ್ನ ಹೆಂಡತಿ ಒಂದನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಅದು ಬಾಯಿಗೆ ಅರಿವೆ ಕಟ್ಟಿದ ಸಣ್ಣ ಹೆಪ್ಪಿನ ಗಡಿಗೆ. ನಮ್ಮವ್ವ ಅವಳಿಗೆ ಕೊಟ್ಟ ಹೆಪ್ಪು. ನಿನ್ನೆಯ ಮೊಸರು ಇವತ್ತಿನ ಹಾಲಿಗೆ, ಇವತ್ತಿನದು ನಾಳೆಯ ಹಾಲಿಗೆ. ಹೀಗೆ ನಲವತ್ತು ವರ್ಷಕ್ಕೂ ಮೇಲೆ ಕಡಿಯದೆ ನಡೆದುಬಂದದ್ದು.

ಕಳೆದ ತಿಂಗಳು ಅವಳು ತವರಿನ ಮದುವೆಗೆ ಹೋದಳು. ಹೆಪ್ಪಿನ ಹೊಣೆ ನನಗೆ ಮತ್ತು ಒಂಬತ್ತನೇ ಇಯತ್ತೆ ಓದುವ ಮೊಮ್ಮಗಳಿಗೆ ಬಂತು. ಮೊದಲ ರಾತ್ರಿಯೇ ನನಗೆ ನಿದ್ದೆಯ ಅವಸರ. ಒಲೆಯಿಂದ ಇಳಿಸಿದ ಹಾಲನ್ನು ಹಾಗೆಯೇ ಗಡಿಗೆಗೆ ಸುರಿದೆ. ಒಂದು ಚಮಚ ಹೆಪ್ಪನ್ನೂ ಬೇರೆ ತೆಗೆದಿಡಲಿಲ್ಲ.

"ಮುತ್ಯಾ, ಇದು ಇನ್ನೂ ಹಾಲ ಐತಲ್ಲ!"

ಬೆಳಿಗ್ಗೆ ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಸುಡುವ ಹಾಲಿಗೆ ಹೆಪ್ಪಿನೊಳಗಿನ ಬ್ಯಾಕ್ಟೀರಿಯಾಗಳು ಸತ್ತಿದ್ದವು. ಕ್ಯಾಶಿನಲ್ಲಿ ಹತ್ತು ರೂಪಾಯಿ ಕಡಿಮೆ ಬಿದ್ದರೆ ಕಿಸೆಯಿಂದ ತುಂಬಿಸಬಹುದು. ಅವ್ವನ ಹೆಪ್ಪನ್ನು ಎಲ್ಲಿಂದ ತರುವುದು?

ಮೊಮ್ಮಗಳು ವಿಜ್ಞಾನದ ಪುಸ್ತಕ ತಂದು ಎದುರಿಗೆ ಕೂತಳು. ಬಿ.ಕಾಂ. ಓದಿದ ನನಗೆ ಅದೆಲ್ಲ ಹೊಸದು. ಎಮ್ಮೆ ಹಾಲಿನಲ್ಲೂ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಅದೇ ನೀರು ಮೊಸರಿನಲ್ಲೂ ಇದೆ. ಹಾಗಾದರೆ ಹರಿಯುತ್ತಿದ್ದದ್ದು ಗಟ್ಟಿಯಾಗಿ ನಿಂತದ್ದು ಹೇಗೆ?

ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಕಣಗಳು ತೇಲುತ್ತಿರುತ್ತವೆ. ಒಂದೊಂದು ಕಣ ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದೆರಡು ಪಾಲಿನಷ್ಟು. ನೀರಿನಲ್ಲಿ ಸಕ್ಕರೆಯಂತೆ ಕರಗುವುದೂ ಇಲ್ಲ, ಮರಳಿನಂತೆ ತಳಕ್ಕೆ ಇಳಿಯುವುದೂ ಇಲ್ಲ. ಇಂಥದ್ದಕ್ಕೆ ಪುಸ್ತಕದಲ್ಲಿ 'ಕಲಿಲ' ಎಂಬ ಹೆಸರಿದೆ. 1861ರಲ್ಲಿ ಥಾಮಸ್ ಗ್ರಹಾಂ ಎಂಬ ವಿಜ್ಞಾನಿ ಇದಕ್ಕೆ ಕೊಲಾಯ್ಡ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಅಂಟು ಎನ್ನುವ ಪದದಿಂದ ಬಂದದ್ದು.

ಈ ಕಣಗಳೆಲ್ಲಕ್ಕೂ ಒಂದೇ ಬಗೆಯ ವಿದ್ಯುದಾವೇಶ, ಅಂದರೆ ಋಣ. ಮೈಮೇಲೆ ಕೂದಲಿನಂಥ ಎಳೆಗಳು ಬೇರೆ. ಹಾಗಾಗಿ ಹತ್ತಿರ ಬಂದರೂ ಒಂದನ್ನೊಂದು ದೂಡುತ್ತವೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲಿನ ಪಿಎಚ್ ಸುಮಾರು 6.6 ಇದ್ದದ್ದು 4.6ರ ಕಡೆಗೆ ಇಳಿಯುತ್ತದೆ. ಇಳಿದಂತೆ ಆ ಆವೇಶ ಕಳೆದುಹೋಗಿ, ದೂಡುವ ಶಕ್ತಿ ಉಳಿಯುವುದಿಲ್ಲ. ಎರಡು ಕಣ ಡಿಕ್ಕಿ ಹೊಡೆದರೆ ಅಂಟಿಕೊಂಡವು, ಅವಕ್ಕೆ ಮೂರನೆಯದು ಅಂಟಿತು. ಗೊಂಚಲಾಯಿತು. ಗೊಂಚಲಿಗೆ ಗೊಂಚಲು ಸೇರಿ, ಗಡಿಗೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಬಲೆ ಹೆಣೆದುಕೊಂಡಿತು. ನೀರು ಎಲ್ಲೂ ಹೋಗಿಲ್ಲ, ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿದೆ. ಇದೇ ಜೆಲ್.

ಕೃಷ್ಣಾ ದಂಡೆಯ ಕೊಲ್ಹಾರದ ಮೊಸರು ನೀವು ತಿಂದಿರಬಹುದು. ಮೊದಲು ಅದು ಬಾಗೇವಾಡಿ ತಾಲೂಕಿನಲ್ಲೇ ಇತ್ತು. ಬಸ್ ನಿಂತರೆ ಹೆಣ್ಣುಮಕ್ಕಳು ಸಣ್ಣ ಸಣ್ಣ ಗಡಿಗೆ ಹಿಡಿದು ಬರುತ್ತಾರೆ. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳದು. ಎಮ್ಮೆ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಹೆಚ್ಚು, ಬಲೆ ದಟ್ಟ. ಮಣ್ಣಿನ ಗಡಿಗೆ ಒಂದಿಷ್ಟು ನೀರನ್ನೂ ಹೀರಿಕೊಳ್ಳುತ್ತದೆ. ನನ್ನ ಮಟ್ಟಿಗೆ ಸ್ಟೀಲಿನ ಡಬ್ಬಿಯ ಮೊಸರು ಮೊಸರೇ ಅಲ್ಲ.

ಇಷ್ಟೆಲ್ಲ ಓದಿದ ಮೇಲೆ ಮೊಮ್ಮಗಳಿಗೇ ನೆನಪಾಯಿತು: "ಮುತ್ಯಾ, ಎರಡು ಮನಿ ಆಚೆ ಅಕ್ಕಾರು ಹೋದ ವರ್ಷ ನಮ್ಮ ಆಯಿ ಕಡೆನ ಹೆಪ್ಪ ಒಯ್ದಿದ್ರು!" ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡುವುದಿಲ್ಲ, ತರುವುದಿಲ್ಲ. ಹೊತ್ತು ಮುಳುಗುವ ಮೊದಲೇ ಬಟ್ಟಲು ಹಿಡಿದು ಓಡಿದೆವು.

ಈ ಸಲ ಹಾಲಿಗೆ ಬೆರಳಿಟ್ಟು ನೋಡಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಬೆರೆಸಿದೆವು. ಆದರೆ ಹುಡುಗಿಗೆ ತಡೆಯಲಾಗದು. ರಾತ್ರಿಯೆಲ್ಲ ಎದ್ದೆದ್ದು ಗಡಿಗೆ ಓರೆ ಮಾಡಿ ನೋಡಿದ್ದಾಳೆ. ಬೆಳಿಗ್ಗೆ ನೋಡಿದರೆ ಮೊಸರು ಒಡೆದು ಮೇಲೆ ನೀರು ನಿಂತಿತ್ತು. ಹೆಣೆಯುತ್ತಿರುವ ಬಲೆಯನ್ನು ಅಲುಗಾಡಿಸಿದರೆ ಎಳೆ ಹರಿದು, ಹಿಡಿದಿಟ್ಟ ನೀರು ಹೊರಬೀಳುತ್ತದೆ. ಹುಳಿ ಮಾತ್ರ ಸರಿಯಾಗಿತ್ತು, ಬ್ಯಾಕ್ಟೀರಿಯಾ ಬದುಕಿದ್ದವು. ಅದರಲ್ಲೇ ಎರಡು ಚಮಚ ತೆಗೆದು ಮೂರನೇ ರಾತ್ರಿ ಹೆಪ್ಪು ಹಾಕಿ, ಗಡಿಗೆಯನ್ನು ಕೈಗೆಟುಕದ ಮಾಡಿನಲ್ಲಿ ಇಟ್ಟೆ.

ಹೆಂಡತಿ ಬಂದವಳೇ ಮೊದಲು ಗಡಿಗೆ ಓರೆ ಮಾಡಿದಳು. ಮೊಸರು ಅಲುಗಲಿಲ್ಲ. ಬೆರಳಿಗೆ ತೆಗೆದು ನೆಕ್ಕಿ, "ಛಲೋ ಕಾಯ್ದೀರಿ" ಎಂದಳು. ನಾನೂ ಮೊಮ್ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ತುಟಿ ಬಿಚ್ಚಲಿಲ್ಲ.

ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಅವಳು ಮೊದಲು ಓದುವುದು ಇದೇ ಪುಟ.